ಕಂಡಿತು ಸಾರ್

ಕಾಲೇಜು ಅಂದರೆ ಆಗ, ಐವತ್ತೈದರ ಜೂನಿನಲ್ಲಿ,
ಮಂಡ್ಯದ ಗುತ್ತಲು ರಸ್ತೆಯ ಮಗ್ಗುಲಿಗೆ
ನಿಂತುಹೋಗಿದ್ದ ಒಂದು ಅಕ್ಕಿ ಗಿರಣಿ.
ಗೋಡೆಗೆ ಸುಣ್ಣ ಬಿದ್ದರೂ ತೊಲೆಯ ಮೇಲಿನ ತೌಡು ಹೋಗಿರಲಿಲ್ಲ;
ಗಣಿತದ ಮೇಷ್ಟ್ರು ಪ್ರಮೇಯಕ್ಕೊಂದು ಸಲ ಸೀನುತ್ತಿದ್ದರು.
ಗಂಟೆಗೆ ರೈಲುಕಂಬಿಯ ತುಂಡು, ಬಾರಿಸುವವನು ಮರಿಜೋಗಿ.
ಹನ್ನೆರಡಕ್ಕೆ ಸಕ್ಕರೆ ಕಾರ್ಖಾನೆ ಕೂಗಿತೋ
ಪಾಠ ಅಲ್ಲಲ್ಲೇ ನಿಲ್ಲುತ್ತಿತ್ತು, ಮೇಷ್ಟ್ರ ಬಾಯಿ ತೆರೆದಂತೆಯೇ;
ಕೂಗಿಳಿದ ಮೇಲೆ ಅರ್ಧ ಪದದಿಂದ ಮುಂದಕ್ಕೆ.
ಕಾಕಂಬಿಯ ವಾಸನೆ ಮಾತ್ರ
ಹಾಜರಿಗೂ ಮೊದಲೇ ಬಂದು ಕೂತಿರುತ್ತಿತ್ತು.

ಹುಡುಗರು ಎಂಬತ್ತೊಂದು. ಹುಡುಗಿಯರು ಮೂವರು:
ಕೆರಗೋಡಿನ ನಾನು, ಚಿಕ್ಕತಾಯಮ್ಮ;
ಸ್ಟೇಷನ್ ಮಾಸ್ತರರ ಮಗಳು ರಾಜಮಣಿ;
ಪೇಟೆಬೀದಿಯ ಖುರ್ಷಿದುನ್ನಿಸಾ.
ನಮಗೆಂದು ಕೊಟ್ಟದ್ದು ಗಿರಣಿಯ ತೂಕದ ಕೋಣೆ.
ತಕ್ಕಡಿ ಇನ್ನೂ ಅಲ್ಲೇ ಇತ್ತು, ಮೂಟೆಗೆ ಕಾದಂತೆ.
ಮೊದಲ ದಿನ ಏನು ಮಾತಾಡುವುದೋ ತಿಳಿಯದೆ
ಒಬ್ಬರನ್ನೊಬ್ಬರು ತೂಗಿಕೊಂಡೆವು.
ನಾನು ಮೂರೂವರೆ ಮಣ, ಪುಸ್ತಕವೂ ಸೇರಿ.
ಖುರ್ಷಿದಾ ನಕ್ಕು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದಳು,
ತಿಂಗಳಿಗೊಂದು ಗೆರೆ.
ಮಾರ್ಚಿಯಲ್ಲಿ ಅವಳದು ನಾಲ್ಕು ಮಣ.
ಆಮೇಲೆ ಅವಳು ಬರಲಿಲ್ಲ, ಗೆರೆ ಬಂತು.
ಅಂದರೆ, ನಾವೇ ಎಳೆದೆವು, ಅಂದಾಜಿನ ಮೇಲೆ.

ಸೂಕ್ಷ್ಮದರ್ಶಕ ಬಂದದ್ದು ದಸರೆ ರಜೆ ಕಳೆದ ಮೇಲೆ.
ಅಳಸಿಂಗಾಚಾರ್ ಮೇಷ್ಟ್ರು ಮೈಸೂರಿನಿಂದ ರೈಲಿನಲ್ಲಿ
ಬಾಣಂತಿಯ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದರು.
ಒಂದೇ ಒಂದು. ನೋಡುವವರು ನಲವತ್ತಮೂರು.
ಮನೆಯಲ್ಲಿ ಈರುಳ್ಳಿ ಮುಟ್ಟದ ಮೇಲುಕೋಟೆಯವರು
ಎರಡು ಬೆರಳಲ್ಲಿ ಅದರ ಪೊರೆ ಬಿಡಿಸಿ ಗಾಜಿನ ಮೇಲೆ ಹಾಸಿದರು.
ತಲೆಗೆ ಅರ್ಧ ನಿಮಿಷ. ಮರಿಜೋಗಿ ಮೂವತ್ತರ ತನಕ
ಗಟ್ಟಿಯಾಗಿ ಎಣಿಸುತ್ತಾನೆ, ಇಪ್ಪತ್ತೈದಾದ ಮೇಲೆ ಬೇಗ ಬೇಗ.

'ಕಂಡಿತೇನಮ್ಮ?'
'ಕಂಡಿತು ಸಾರ್.'

ಕಂಡದ್ದು ಒಂದು ಕರಿಗೆರೆ. ಬಾಗಿದ್ದು. ನಡುಗುತ್ತಿತ್ತು.
ರಾಜಮಣಿಯ ಪುಸ್ತಕದಿಂದ, ಇಟ್ಟಿಗೆ ಗೋಡೆಯಂಥ ಜೀವಕೋಶಗಳನ್ನು
ಕದ್ದು ಬರೆದೆ. ಹತ್ತಕ್ಕೆ ಒಂಬತ್ತು.
ರಾತ್ರಿ ಬಚ್ಚಲ ಕನ್ನಡಿಯಲ್ಲಿ ಕಣ್ಣು ಹಿಗ್ಗಿಸಿ ನೋಡಿಕೊಂಡೆ,
ಒಳಗೆಲ್ಲೋ ಸೀಳಿರಬೇಕು ನನಗೆ.
ಕಾಲೇಜಲ್ಲಿ ಏನ್ ನೋಡ್ದೆ ಅಂದಳು ಅವ್ವ.
ಈರುಳ್ಳಿ ಅಂದೆ.
'ಅದ್ಕೆ ಅಲ್ಲಿಗಂಟ ಓಗ್ಬೇಕಾ?'

ಕಾಲೇಜು ಬೆಳೆಯಿತು. ನಾಲೆಯಾಚೆ ಕಲ್ಲಿನ ಕಟ್ಟಡ ಎದ್ದಿತು,
ಶನಿವಾರ ಮಧ್ಯಾಹ್ನ ಹುಡುಗರು ಸಾಲು ನಿಂತು
ಕೈಯಿಂದ ಕೈಗೆ ಹೆಂಚು ಸಾಗಿಸಿದರು; ಎಷ್ಟೋ ಒಡೆದವು.
ಗಿರಣಿ ಮತ್ತೆ ಗಿರಣಿಯಾಯಿತು.
ನಮ್ಮ ಗೆರೆಗಳ ಮೇಲೆ ಯಾರದೋ ಭತ್ತದ ಲೆಕ್ಕ ಬಂತಂತೆ.
ನಾನು ಮೈಸೂರಿಗೆ ಹೋಗಿ, ಓದಿ, ಅರವತ್ತೊಂದರಲ್ಲಿ ಮರಳಿದೆ,
ಅದೇ ಕಾಲೇಜಿಗೆ, ಬಿಳಿಯ ಕೋಟು ತೊಟ್ಟು.
ಈಗ ಹನ್ನೊಂದಿವೆ ಮೇಜಿನ ಮೇಲೆ. ಎಣಿಸುವವರಿಲ್ಲ.
ಮರಿಜೋಗಿಗೆ ಗಂಟೆಯೂ ಇಲ್ಲ, ಕರೆಂಟಿನ ಬೆಲ್ಲು;
ಅವನು ಅದನ್ನು ನಂಬುವುದಿಲ್ಲ, ಬಾಗಿಲಿಗೆ ಬಂದು ಕೈ ಬೀಸುತ್ತಾನೆ.

ಪಾಂಡವಪುರದ ಕಡೆಯ ಹುಡುಗಿ, ದುಂಡಮ್ಮ,
ಬಗ್ಗಿದಳೋ ಇಲ್ಲವೋ, 'ಕಂಡಿತು ಮೇಡಂ' ಅಂದಳು.
ಬಹಳ ಬೇಗ ಅಂದಳು.
ಪಕ್ಕದವಳ ಪುಸ್ತಕದ ಕಡೆ ಹೊರಳುತ್ತಿತ್ತು ಕಣ್ಣು.

'ಕರಿಗೆರೆ ತಾನೆ? ಬಾಗಿದ್ದು?'
ಸಿಕ್ಕಿಬಿದ್ದವಳಂತೆ ತಲೆ ಆಡಿಸಿದಳು.
'ನಡುಗುತ್ತಾ?'
'ಊಂ.'
'ನಿನ್ನ ರೆಪ್ಪೆಗೂದಲು ಕಣೇ ಅದು.
ಒಂಚೂರು ಹಿಂದಕ್ಕೆ ಬಾ. ಅಷ್ಟು ಬೇಡ. ಹಾಂ.'

ಆಮೇಲೆ ಅವಳು ಏನೂ ಅನ್ನಲಿಲ್ಲ.
ಬೆರಳು ಮಾತ್ರ ತಿರುಪನ್ನು ಮೆಲ್ಲಗೆ ತಿರುಗಿಸುತ್ತಿತ್ತು.
ಹನ್ನೆರಡಕ್ಕೆ ಕಾರ್ಖಾನೆ ಕೂಗಿತು,
ಎಲ್ಲರೂ ತಲೆಯೆತ್ತಿದರು, ಬಾಗಿಲಲ್ಲಿ ಮರಿಜೋಗಿ ಕೈ ಬೀಸಿದ.
ಅವಳೊಬ್ಬಳು ಎತ್ತಲಿಲ್ಲ.