ಕಾಗದಕ್ಕೆ ಹತ್ತದ್ದು

ಕಾಲ್ತಾಕ್ ಮಾವ,
ನೀನು ಹೋದ ಮೇಲೆ ಎಂಜಿನ್ನು ನನ್ನ ಪಾಲಿಗೆ ಬಂತು.
ಅದೇ ತಗಡಿನ ಶೆಡ್ಡು, ಅದೇ ಮೂರು ಸಿಲಿಂಡರು,
ಬೆಲ್ಟಿಗೆ ನೀನು ಹಾಕಿದ ಹೊಲಿಗೆ ಇನ್ನೂ ಬಿಚ್ಚಿಲ್ಲ.
ಬದಲಾದದ್ದು ಅದರ ಊಟ:
ಎಮಾಯ್ ದಡಕ್ಕೆ ಹಡಗು ಇಳಿಸುವ ಡೀಸೆಲಿಗೆ
ನಮ್ಮದೇ ಕೊಬ್ಬರಿ ಎಣ್ಣೆ.
ಮೊದಲು ಐದಕ್ಕೊಂದು ಪಾಲು, ಈಗ ಅರೆಗೆ ಅರೆ.

ಬೆರಕೆ ಬದಲಿಸಿದಾಗೆಲ್ಲ ಒಂದು ಬಿಳಿ ಕಾಗದ
ಹೊಗೆ ಕೊಳವೆಯ ಬಾಯಿಗೆ ಹಿಡಿಯುತ್ತೇನೆ,
ಹತ್ತು ಎಣಿಸುವಷ್ಟು ಹೊತ್ತು.
ಬರೀ ಡೀಸೆಲಿನದು ಕಾವಲಿಯ ತಳ.
ಅರೆಗೆ ಅರೆಯದು
ಚಹಾ ಚೆಲ್ಲಿ ಒರೆಸಿದಂತೆ, ಅಷ್ಟೇ.
ಯಾರೋ ಮೀನು ಹುರಿಯುತ್ತಿದ್ದಾರೆಂದು
ಶಾಲೆಗೆ ಹೋಗುವ ಮಕ್ಕಳು ಮೂಗರಳಿಸುತ್ತಾರೆ.

ಹಸಿವು ಕೊಂಚ ಹೆಚ್ಚಿದೆ, ಮುಚ್ಚಿಡುವುದಿಲ್ಲ.
ಹತ್ತು ಲೀಟರಿಗೆ ಬೆಳಗಾಗುತ್ತಿದ್ದ ರಾತ್ರಿ
ಈಗ ಹನ್ನೊಂದು ಕೇಳುತ್ತದೆ.
ಜುಲೈ ಚಳಿಗೆ ಪೀಪಾಯಿಯಲ್ಲಿ ಎಣ್ಣೆ ಮೇಣವಾಗುತ್ತದೆ;
ಡೀಸೆಲಿನಲ್ಲೇ ಎಬ್ಬಿಸಿ, ಮೈ ಕಾದ ಮೇಲೆ
ನಲ್ಲಿ ತಿರುವಬೇಕು.
ಮೀನಿನ ಫ್ರೀಜರು, ಪಾದ್ರಿಯ ವೆಲ್ಡಿಂಗು ಒಟ್ಟಿಗೆ ಬಿದ್ದರೆ
ಒಂದು ಗಳಿಗೆ ಏದುಸಿರು,
ಆಮೇಲೆ ತಾನೇ ಸುಧಾರಿಸಿಕೊಳ್ಳುತ್ತದೆ.

ಪೋರ್ಟ್ ವಿಲಾದಿಂದ ಒಬ್ಬಳು ಬಂದಿದ್ದಳು, ಎಸ್ತೆಲ್,
ಕೈಯಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಉದ್ದ ಮೂಗು.
ನನ್ನ ಕಾಗದಗಳನ್ನು ಹರವಿ ತೋರಿಸಿದೆ, ಜಂಬದಿಂದಲೇ.
ಹಗಲು ಹೊರೆ ಹೊತ್ತಾಗ ಪೆಟ್ಟಿಗೆಯೂ ಒಪ್ಪಿತು.
ರಾತ್ರಿ ಹನ್ನೊಂದರ ಮೇಲೆ
ಊರೆಲ್ಲ ಮಲಗಿ, ದವಾಖಾನೆಯ ಒಂದು ದೀಪ ಉಳಿದಾಗ
ಅಂಕಿ ಏರಿತು, ಏರುತ್ತಲೇ ಹೋಯಿತು.
ಕೆಲಸ ಸಾಲದೆ ತಣ್ಣಗಾದ ಎಂಜಿನ್ನು
ಎಣ್ಣೆಯನ್ನು ಪೂರ್ತಿ ಸುಡುವುದಿಲ್ಲವಂತೆ.
ಹೊಗೆಯಲ್ಲಿ ಬರುವ ಒಂದು ವಿಷಕ್ಕೆ ಬಣ್ಣವಿಲ್ಲ,
ಅದರದೇ ವಾಸನೆಯೂ ಇಲ್ಲ.
ಕಾಗದ ಹಿಡಿದೆ. ಬೆಳ್ಳಗಿತ್ತು.

'ಇಲ್ಲಿ ಮಲಗುವವರು ಯಾರು?' ಅಂದಳು
ಮೂಲೆಯ ಚಾಪೆ ನೋಡಿ.
ನಾನು ಮಾತಾಡಲಿಲ್ಲ.

ಚಾಪೆ ಈಗ ಹುಣಸೆಯಷ್ಟು ದೂರದ ಹಲಸಿನ ಕೆಳಗೆ.
ಹನ್ನೊಂದಕ್ಕೆ ಕೊಬ್ಬರಿ ತುರಿಯುವ ಯಂತ್ರ ಹೂಡುತ್ತೇನೆ,
ಅದಕ್ಕೂ ಕೆಲಸ, ನಾಳೆಗೂ ಎಣ್ಣೆ.
ತುರಿ ಮುಗಿದರೆ ನಲ್ಲಿ ಮತ್ತೆ ಡೀಸೆಲಿಗೆ.

ಮಾವ, ನಿನ್ನ ಅಂಗಿ ಜೇಬಿನಲ್ಲಿ
ಕೆಮ್ಮಿ ಮಡಿಸಿಟ್ಟ ಕರವಸ್ತ್ರ ಸಿಕ್ಕಿತು.
ಒಗೆಯಲಿಲ್ಲ.
ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ
ಕೆಳಗೆ ಬರೆದೆ:
ನೂರಕ್ಕೆ ನೂರು ಡೀಸೆಲ್. ಇಪ್ಪತ್ತಾರು ವರ್ಷ.