ನೂರಾ ಇಪ್ಪತ್ತು

ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ
ಉಸಿರು ಬಿಗಿಹಿಡಿದು ನಿಂತಿದ್ದಾನೆ ಮತೋಷ್.
ನೆತ್ತಿಯ ಮೇಲೆ ರೂಲರ್ ಇಟ್ಟು ಪೆನ್ಸಿಲಿನಿಂದ ಗೀರಿದೆ:
ನೂರಾ ಹದಿನೇಳು.
ಕಾಲುಚೀಲ ಬಿಚ್ಚೋ ಅಂದೆ. ಮೂರು ಜೊತೆ ಹಾಕಿದ್ದ.
ನೂರಾ ಹದಿನಾರು.

ಜರ್ಮನಿಯ ಆ ಪಾರ್ಕಿನ ದೊಡ್ಡ ರೋಲರ್ ಕೋಸ್ಟರಿಗೆ
ನೂರಾ ಇಪ್ಪತ್ತು ಬೇಕೇ ಬೇಕು.
ಬಾಗಿಲಲ್ಲಿ ಮರದ ಕರಡಿಯೊಂದು ಕೈ ಚಾಚಿ ನಿಂತಿದೆಯಂತೆ;
ಕೈಗೆ ತಲೆ ತಗುಲಿದವರಿಗೆ ದಾರಿ,
ಅಡಿಯಲ್ಲಿ ನುಸುಳಿದವರಿಗೆ ಬಣ್ಣದ ಕುದುರೆಗಳ ತಿರುಗಣಿ.
ಕರಡಿ ಲಂಚ ತಿನ್ನುತ್ತದಾ, ಕೇಳುತ್ತಾನೆ.

ಹೊರಡುವುದು ಆಗಸ್ಟಿನಲ್ಲಿ. ಈಗಿನ್ನೂ ಮಾರ್ಚಿ.
ಒಸ್ಟ್ರಾವದ ಕಿಟಕಿಯಾಚೆ ಮಸಿಬಣ್ಣದ ಹಿಮ.
ಮೇಜಿನ ಮೇಲೆ ಲುಬೋರನ ಲೆಕ್ಕದ ಹಾಳೆ:
ನಾಲ್ಕು ಪಾರ್ಕು, ಆರು ಊರು, ಹದಿಮೂರು ದಿನ,
ಪೆಟ್ರೋಲು, ಪಾರ್ಕಿಂಗು, ಫ್ರಾನ್ಸಿನ ಟೋಲು,
ಐದು ಜನಕ್ಕೆ ಎರಡು ಕೋಣೆ, ತಿಂಡಿ ಬಿಟ್ಟು.
ಯೂರೋ ಕಾಲಂ ಸಭ್ಯವಾಗಿ ಸುಮ್ಮನಿರುತ್ತದೆ,
ಪಕ್ಕದ ಕೊರುನ ಕಾಲಂ ಮಾತ್ರ
ಕಣ್ಣು ತಪ್ಪಿಸಿ ಹಾಲಿನಂತೆ ಉಕ್ಕುತ್ತದೆ.

ವೆಂದುಲಳಿಗೆ ಹದಿನಾಲ್ಕು. ಅವಳಿಗೆ ಪ್ಯಾರಿಸ್ ಬೇಕು,
ನಾವು ಬೇಡ.
ಕೊನೆಗೆ ಒಪ್ಪಂದ: ಅಲ್ಲಿ ನಮ್ಮಿಂದ ಹತ್ತು ಹೆಜ್ಜೆ ಮುಂದೆ
ಪರಿಚಯವೇ ಇಲ್ಲದವಳಂತೆ ನಡೆಯಬಹುದು.

ಅತ್ತೆ ದ್ರಾಹೊಮೀರ ಏನೂ ಕೇಳಲಿಲ್ಲ.
ಒಳಗೆ ಹೋಗಿ, ಗುಂಡಿ ತುಂಬಿಡುವ ಬಿಸ್ಕತ್ತಿನ ಡಬ್ಬಿ ತಂದು
ಹಾಳೆಯ ನಟ್ಟನಡುವೆ ಇಟ್ಟರು.
ಮುಚ್ಚಳದ ಮೇಲೆ ಒಂದು ಕಾಲುವೆ, ಒಂದು ಕಲ್ಲುಸೇತುವೆ,
ಹಂಸವಿದ್ದ ಕಡೆ ಬರೀ ತಗಡು.
ನಲವತ್ತು ವರ್ಷ ಅಲ್ಲೇ ಹೆಬ್ಬೆರಳು ಒತ್ತಿ ತೆಗೆದದ್ದು.
"ಇದು ಯಾವ ಊರು?"
ಬ್ರೂಜ್, ಅಂದ ಲುಬೋರ್. ಅಲ್ಲ, ಗೆಂಟ್, ಅಂದಳು ವೆಂದುಲ,
ಆ ಸಂಜೆ ಮೊದಲ ಬಾರಿ ಫೋನಿನಿಂದ ತಲೆಯೆತ್ತಿ.
ರಾತ್ರಿ ಹನ್ನೊಂದರವರೆಗೆ ಐವರೂ
ಸೇತುವೆಯ ಕಮಾನುಗಳನ್ನು ಎಣಿಸಿದೆವು.
ಯಾವ ಊರಿಗೂ ಲೆಕ್ಕ ಕೂಡಲಿಲ್ಲ.
"ಎಲ್ಲಿಗಾದರೂ ಸರಿ, ನೀರಿದ್ದರಾಯಿತು," ಅಂದರು ಅತ್ತೆ.
ಆಮೇಲೆ ತಾವೂ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತರು.
ಮದುವೆಯ ಕಾಲಕ್ಕೆ ನೂರಾ ಅರವತ್ತೆರಡು ಇದ್ದರಂತೆ.
ಈಗ ಐವತ್ತೆಂಟು.
ಉಳಿದ ನಾಲ್ಕು ಎಲ್ಲಿ ಬಿತ್ತಜ್ಜಿ ಎಂದು
ಮತೋಷ್ ಮೇಜಿನಡಿ ಬಗ್ಗಿ ನೋಡಿದ.

ಹಾಸಿಗೆ ಇದ್ದಷ್ಟು ಕಾಲು ಚಾಚು: ಗಾದೆ ಹಾಳೆಗೆ ಸರಿ.
ಮೊದಲು ಎರಡು ಪಾರ್ಕು ಹೋದವು, ಹಿಂದೆಯೇ ಮೂರು ಊರು.
ಮಗ ಮಾತ್ರ ಮಂಚ ಮೀರಿ ಕಾಲು ಚಾಚಿ ಮಲಗುತ್ತಾನೆ,
ಬೆಳೆಯುವುದು ನಿದ್ದೆಯಲ್ಲೇ ಅಂತ ಶಾಲೆಯಲ್ಲಿ ಯಾರೋ ಹೇಳಿದ್ದಾರೆ.
ದಿನಕ್ಕೆರಡು ಲೋಟ ಹಾಲು,
ಒಂದು ಮೂಗು ಮುಚ್ಚಿಕೊಂಡು.

ಲುಬೋರ್ ಗಣಿ ಮುಚ್ಚುವವರೆಗೂ
ದಿನಾ ಏಳುನೂರು ಮೀಟರು ಇಳಿದವನು.
ಬೀಳುವುದಕ್ಕೆ ಭಯವಿಲ್ಲ ಅವನಿಗೆ;
ಬೀಳಿಸುವ ಮುಂಚೆ ಮೇಲಕ್ಕೆಳೆಯುತ್ತದಲ್ಲ, ಆ ಟಕಟಕ ಸದ್ದು,
ಅದಕ್ಕೆ ವಿಡಿಯೋದಲ್ಲೇ ಕೈ ಬೆವರುತ್ತದೆ.

ಇನ್ನು ನಾನು.
ಹಳಿಯ ಮೇಲೆ ಕಿರುಚಲು ದುಡ್ಡು ಕೊಡುತ್ತಾರೆಯೇ ಜನ!
ಹನ್ನೊಂದು ವರ್ಷದಿಂದ ಈ ಊರಿನ ಟ್ರಾಮು ಓಡಿಸುತ್ತೇನೆ.
ನನ್ನ ಬೆನ್ನ ಹಿಂದೆ ಕೆಮ್ಮುತ್ತಾರೆ, ತೂಕಡಿಸುತ್ತಾರೆ;
ಕಿರುಚಿದವಳು ಒಬ್ಬಳೇ, ಕ್ರಿಸ್‌ಮಸ್ಸಿನ ಹಿಂದಿನ ದಿನ,
ಚೀಲ ಹರಿದು ಜೀವಂತ ಕಾರ್ಪ್ ಮೀನು
ಸೀಟಿನಡಿ ಒದ್ದಾಡಿದಾಗ.

ಏಪ್ರಿಲ್ ಮುಗಿಯುವಾಗ ನೂರಾ ಹದಿನೇಳೂವರೆ, ಬರಿಗಾಲಲ್ಲಿ.
ಲುಬೋರ್ ಕೋಣೆ ಕಾದಿರಿಸಿದ,
ರದ್ದಾದರೆ ಹಣ ವಾಪಸು ಬರುವಂಥದ್ದು.

ನಿನ್ನೆ ನನ್ನದು ಕೊನೆಯ ಸರದಿ. ಬೋಗಿ ಖಾಲಿ.
ಊರಾಚೆ ಹಳಿ ದುಂಡಗೆ ಸುತ್ತಿ ಬರುವಲ್ಲಿ
ಚಕ್ರಗಳು ಎಂದಿನಂತೆ ಕೀರಲಿಟ್ಟವು.
ಕನ್ನಡಿಯಲ್ಲಿ ಎರಡು ಸಲ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾಗಿ,
ಕೈ ಮೇಲೆತ್ತಿದೆ.
ಒಂದೇ ಕೈ.
ಇನ್ನೊಂದು ಬ್ರೇಕಿನ ಮೇಲೆ.