ಕಾಲು ಪಾಲು

ನಿನ್ನೆ ತಿಂದದ್ದೆಲ್ಲ ಹೇಳಿ, ಎಂದೆ.
ಕಂಕನಾಡಿ, ಹನ್ನೊಂದು ಗಂಟೆಯ ಓಪಿಡಿ.
ನನ್ನ ಮೇಜಿನ ಮೇಲೆ ರಬ್ಬರಿನ ಇಡ್ಲಿ, ರಬ್ಬರಿನ ಬಂಗುಡೆ,
ಅಳತೆಗೆಂದು ಒಂದು ಹಿಡಿ ರಬ್ಬರಿನ ಅನ್ನ.

ಸಿಪ್ರಿಯನ್ ಮೊಂತೇರೊ, ಅರವತ್ತೆಂಟು, ಸಕ್ಕರೆ ಇನ್ನೂರ ಮೂವತ್ತು,
ಇಪ್ಪತ್ತೆರಡು ವರ್ಷ ಸರಕು ಹಡಗಿನ ಕುಕ್ಕು,
ಬಂಗುಡೆಯನ್ನೆತ್ತಿ ಮೂಸಿ ಕೆಳಗಿಟ್ಟರು.
ಮಫುಲೆಟ್ಟಾ, ಅಂದರು.
ನನ್ನ ಪಟ್ಟಿಯಲ್ಲಿ ಆ ಹೆಸರಿಲ್ಲ.

"ಬರ್ಕೊಳ್ಳಿ ಮೇಡಂ. ನ್ಯೂ ಆರ್ಲಿಯನ್ಸಿನಲ್ಲಿ
ಜೋಳಕ್ಕೆ ಕಾಯ್ತಾ ಹದಿನೇಳು ದಿನ ನಿಂತಿದ್ದೆವು.
ಅಲ್ಲೊಬ್ಬ ಸಿಸಿಲಿಯವನ ದಿನಸಿ ಅಂಗಡಿ.
ಅವನ ಅಜ್ಜಂದಿರು ಸಂತೆಗೆ ತರಕಾರಿ ತಂದವರು,
ಪೀಪಾಯಿ ಮೇಲೆ ಕೂತು ಊಟ, ತೊಡೆಯೇ ಮೇಜು.
ಒಂದು ಪೊಟ್ಟಣದಲ್ಲಿ ರೊಟ್ಟಿ, ಒಂದರಲ್ಲಿ ಮಾಂಸ,
ಒಂದರಲ್ಲಿ ಚೀಸು, ಒಂದರಲ್ಲಿ ಆಲಿವ್.
ಜಾರಿ ಬೀಳೋದು ನೋಡಲಾರದೆ ಯಾರೋ ಅಂಗಡಿಯವ
ರೊಟ್ಟಿ ಸೀಳಿ ಎಲ್ಲ ಒಳಗೆ ಹಾಕಿದನಂತೆ.
ಅಂತೆ. ನಾನು ನೋಡಿದ್ದು ಎಣ್ಣೆ ಇಳಿದ ಕಾಗದ ಮಾತ್ರ."

ಬರೆದೆ: ಮೈದಾ. ಕೊಬ್ಬು. ಉಪ್ಪು, ಉಪ್ಪು, ಮತ್ತೆ ಉಪ್ಪು.
ಇಡೀ ಒಂದಕ್ಕೆ ಸುಮಾರು ಎರಡು ಸಾವಿರ ಕ್ಯಾಲರಿ.
ಮೇಲಿನ ಎಳ್ಳಿಗೊಂದು ಒಳ್ಳೆಯ ಮಾತು: ಕ್ಯಾಲ್ಸಿಯಂ.

"ಇಲ್ಲಿ ಆಲಿವ್ ಎಲ್ಲಿ ಸಿಕ್ಕಿತು?"

"ಎಂತಕ್ಕೆ ಆಲಿವ್? ಬಜ್ಪೆ ಗುಡ್ಡೆಯ ಕರಂಡೆ ಕಾಯಿ
ಏಪ್ರಿಲಿಂದ ಭರಣಿಯಲ್ಲಿ ಉಂಟು, ಉಪ್ಪುನೀರಲ್ಲಿ.
ರೊಟ್ಟಿ ಜೆಪ್ಪುವಿನ ಉಂಡೊ, ಇಷ್ಟಗಲ, ಹೇಳಿ ಮಾಡಿಸಿದ್ದು.
ರಾತ್ರಿ ಮೇಲೊಂದು ರುಬ್ಬುಗುಂಡು ಹೇರಿದೆ.
ಬೆಳಿಗ್ಗೆಗೆ ರಸ ಕೆಳಗಿನ ಪದರಕ್ಕೆ ಇಳಿದಿತ್ತು."

ನಾನು ಬಂದರಿನ ಬ್ಯಾರಿ ಮನೆಯವಳು.
ಆ ಒಳಗಿನ ಮಾಂಸದ ಹೆಸರನ್ನು
ನಮ್ಮಲ್ಲಿ ಜೋರಾಗಿ ಹೇಳುವುದೂ ಇಲ್ಲ.
ಆದರೆ ಕರಂಡೆ ಎಂದ ಕೂಡಲೇ
ದವಡೆಯ ಮೂಲೆ ಹಿಂಡಿತು.

"ಎಷ್ಟು ತಿಂದಿರಿ?"

"ಅದು ಒಬ್ಬನ ತಿಂಡಿಯಲ್ಲ, ನಾಲ್ಕು ಪಾಲು ಮಾಡೋದು.
ಒಂದು ನನಗೆ. ಒಂದು ವಾಚ್‌ಮನ್‌ಗೆ.
ಒಂದು ಮೇಲಿನ ಫ್ಲ್ಯಾಟಿನ ನರ್ಸ್ ಹುಡುಗಿಗೆ."
ಟೋಪಿ ಒಂದು ಸುತ್ತು ತಿರುಗಿತು ಕೈಯಲ್ಲಿ.
"ನಾಲ್ಕನೆಯದು... ಅದೂ ನನಗೇ ಬಂತು."

ಚೀಟಿ ಬರೆದುಕೊಟ್ಟೆ:
ಮಾಂಸ ಬೇಡ. ಚೀಸು, ಆಚೆಯ ಬೆಳಕು ಕಾಣುವಷ್ಟು ತೆಳು.
ಉಂಡೊ ಕಾಲು ಪಾಲು. ಕರಂಡೆ ತೊಳೆದು, ಆರು.
"ಆರಾ?"
ಎಂಟು, ಎಂದು ತಿದ್ದಿದೆ.

ಹೊರಡುವಾಗ ರಬ್ಬರಿನ ಬಂಗುಡೆಯ ಬಾಲವನ್ನು
ಬಲಕ್ಕೆ ತಿರುಗಿಸಿಟ್ಟರು. ಹಾಗೆ ಬಡಿಸಬೇಕಂತೆ.

ಸಂಜೆ ಸ್ಟೇಟ್ ಬ್ಯಾಂಕಿನಲ್ಲಿ ಇಳಿದು
ಬುಟ್ಟಿಯವಳ ಹತ್ತಿರ ಕರಂಡೆ ಕೇಳಿದೆ.
ಎಂಥ ಕರಂಡೆ ಮಾರಾಯ್ತಿ, ಅಂದಳು,
ಮಳೆ ಹಿಡಿದು ಎಷ್ಟು ದಿನವಾಯಿತು.